ಎರಡು ಜೋತ ದವಡೆಗಳು, ಯಾಕೆಂದು ಹೇಳದ ಒಂದು ಯಂತ್ರ

ರೋಗನಿರ್ಣಯ ತಂತ್ರಾಂಶ ಯೋಜನೆಯ ಮಾನ್ಯ ನಿರ್ದೇಶಕರೇ,

ನಮ್ಮ ಪಶು ಆಸ್ಪತ್ರೆಗಳಿಗೆ ನೀವು ಕೊಟ್ಟ ತಂತ್ರಾಂಶಕ್ಕೆ ಜಾಲಿಕಾಯಿ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಅಪರಾಧವಲ್ಲ, ಆಯುಷ್ಯದ ಅರ್ಧ ಭಾಗ ದನಗಳ ಬಾಲದ ಹಿಂದೆ ಓಡಾಡಿದ ನನಗೂ ಗೊತ್ತಿಲ್ಲದ್ದು ಬೇಕಾದಷ್ಟಿದೆ. ಆದರೆ ಗೊತ್ತಿದ್ದ ವೈದ್ಯನೊಬ್ಬ ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ನೀವು ಅವನ ಕೈಗೆ ನೋಟೀಸು ಕೊಟ್ಟಿರಿ. ಅದನ್ನು ನೋಡಿ ಉಳಿದ ವೈದ್ಯರು ಬಾಯಿಗೆ ಬೀಗ ಹಾಕಿಕೊಂಡರು. ಕೊನೆಗೆ ಏನಾಯಿತೆಂದರೆ, ಕಂಪ್ಲಿ ಕಡೆಯ ಎರ್ರಿಯಪ್ಪನೆಂಬ ರೈತ ರೇಬೀಸ್ ಹತ್ತಿದ ಎಮ್ಮೆಯ ಬಾಯೊಳಗೆ ಕೈ ಹಾಕಿದ. ಈ ಸಲ ನಿಮ್ಮ ಯಂತ್ರ ಸರಿಯಾಗಿಯೇ ಹೇಳಿತು, ಆದರೂ ಅವನು ನಂಬಲಿಲ್ಲ, ಇಂಜೆಕ್ಷನ್ ಬೇಡವೆಂದು ಮನೆಯಲ್ಲಿ ಕೂತುಬಿಟ್ಟ. ನನ್ನ ದೂರು ಇದು. ಇದನ್ನು ತಮಗೆ ಖಾಸಗಿಯಾಗಿಯೂ ಬರೆದಿದ್ದೆ. ಪ್ರತಿ ಸಲವೂ ಬರೆದ ನಿಮಿಷದೊಳಗೇ ಉತ್ತರ ಬಂತು: ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’ ಅಷ್ಟು ಬೇಗ ಓದುವವರು ಮನುಷ್ಯರಾಗಿರಲಾರರು ಎಂದು ತಿಳಿದು, ಈಗ ಹತ್ತು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ನಿವೃತ್ತ ಪಶುವೈದ್ಯ. ಸಂಡೂರು, ಕಂಪ್ಲಿ, ಹೊಸಪೇಟೆ, ಈ ಮೂರು ಊರುಗಳ ಸುತ್ತಲೇ ನನ್ನ ನೌಕರಿ ಮುಗಿಯಿತು. ನಿವೃತ್ತರು ಪತ್ರ ಬರೆದರೆ ಕಚೇರಿಗಳಲ್ಲಿ ನಗುತ್ತಾರೆಂದು ನನಗೆ ಗೊತ್ತು. ಕುರ್ಚಿಯಲ್ಲಿದ್ದಾಗ ನಾನೂ ನಕ್ಕವನೇ. ‘ಹಳೇ ಕಾಲದವರು, ಕಂಪ್ಯೂಟರ್ ಕಂಡರಾಗುವುದಿಲ್ಲ’ ಎಂದು ಇದನ್ನು ಪಕ್ಕಕ್ಕಿಡುವ ಮೊದಲು ಒಂದು ಮಾತು ಕೇಳಿ. ನಿಮ್ಮ ತಂತ್ರಾಂಶ ನನಗೆ ಇಷ್ಟವಾಗಿತ್ತು. ನನ್ನ ನೌಕರಿಯ ಕೊನೆಯ ವರ್ಷ ಸಂಡೂರಿನ ಆಸ್ಪತ್ರೆಗೆ ಒಂದು ಎಮ್ಮೆ ಬಂತು. ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿತ್ತು, ಮೈತುಂಬ ರಕ್ತ ಹೀರುವ ಉಣ್ಣೆ ಹುಳ. ನಾನೂ, ನನ್ನ ಕೈಕೆಳಗೆ ಆಗತಾನೆ ಕೆಲಸಕ್ಕೆ ಸೇರಿದ್ದ ಡಾಕ್ಟರ್ ಮೌನೇಶನೂ, ಉಣ್ಣೆಯಿಂದ ಬಂದ ಜ್ವರವೇ ಎಂದು ಸೂಜಿ ತೆಗೆದಿದ್ದೆವು. ಆಗ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು: ‘ಇತ್ತೀಚೆಗೆ ಕರು ಹಾಕಿದೆಯೇ?’ ಹಾಕಿತ್ತು. ಜ್ವರ ಅಳೆದರೆ ಇರಲೇ ಇಲ್ಲ. ಕರು ಹಾಕಿದ ಮೇಲೆ ರಂಜಕ ಕಡಿಮೆಯಾದರೂ ಉಚ್ಚೆ ಹಾಗಾಗುತ್ತದೆ, ಅದಕ್ಕೆ ಔಷಧಿಯೇ ಬೇರೆ. ಎಮ್ಮೆ ಉಳಿಯಿತು. ಹತ್ತು ದನ ಸಾಲಾಗಿ ನಿಂತಾಗ, ಎಲ್ಲ ವೈದ್ಯರಿಗೂ ಗೊತ್ತಿರುವ ಪ್ರಶ್ನೆಯನ್ನೇ ಮರೆಯದೆ ಕೇಳುವ ಒಂದು ಯಂತ್ರ ಪಕ್ಕದಲ್ಲಿರುವುದು ಎಷ್ಟು ದೊಡ್ಡ ಸಹಾಯವೆಂದು ದಣಿದ ವೈದ್ಯನಿಗೆ ಮಾತ್ರ ಗೊತ್ತು. ಅವತ್ತು ನಾನು ಮೌನೇಶನಿಗೆ ಚಹಾ ಕುಡಿಸಿ, ಇನ್ನು ನಾನು ನಿಶ್ಚಿಂತೆಯಿಂದ ನಿವೃತ್ತನಾಗಬಹುದು ಎಂದಿದ್ದೆ.

ಆ ಯಂತ್ರದೊಳಗೆ ಇರುವ ತಿಳಿವಳಿಕೆ ಆಕಾಶದಿಂದ ಬಿದ್ದದ್ದಲ್ಲ, ಅದು ನಿಮಗೂ ಗೊತ್ತು. ಹೊಸಪೇಟೆಯ ಒಂದು ಹೋಟೆಲಿನ ಸಭಾಂಗಣದಲ್ಲಿ ಈ ಭಾಗದ ವೈದ್ಯರನ್ನೆಲ್ಲ ಕೂರಿಸಿ, ಮಧ್ಯಾಹ್ನ ಹೋಳಿಗೆ ಊಟ ಹಾಕಿಸಿ, ನೀವೇ ಉದ್ಘಾಟನೆ ಮಾಡಿ ಹೋಗಿದ್ದಿರಿ. ನೀವು ಹೋದ ಮೇಲೆ ಕೆಲಸ ಮಾಡಿದವಳು ಗಂಗಾಂಬಿಕಾ ಎಂಬ ಎಂಜಿನಿಯರ್ ಹುಡುಗಿ. ನಮ್ಮ ತಲೆಯಲ್ಲಿರುವುದನ್ನು ಯಂತ್ರ ಓದುವ ಹಾಗೆ ಬಿಡಿಸಿ ಬರೆಯುವುದು ಆಕೆಯ ಕೆಲಸ. ನಾವು ಹೇಳುತ್ತಿದ್ದೆವು: ದವಡೆ ಜೋತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಆಗದಿದ್ದರೆ, ಮೊದಲು ರೇಬೀಸ್ ಎಂದೇ ತಿಳಿಯಬೇಕು. ಆಕೆ ಬೆರಳಚ್ಚು ಮಾಡುತ್ತಲೇ ಕೇಳುತ್ತಿದ್ದಳು, “ಯಾಕ್ರಿ ಸರ್?” ಕಾರಣ ಹೇಳಿದರೆ ಅದನ್ನೂ ಬರೆದುಕೊಳ್ಳುವಳು. “ಯಾವಾಗ ಇದು ಸುಳ್ಳಾಗ್ತೈತ್ರಿ?” ಎಂದು ಮತ್ತೆ ಕೇಳುವಳು. ಮೊದಮೊದಲು ಸಿಟ್ಟು ಬಂತು. ಇಷ್ಟು ವರ್ಷದ ನೌಕರಿಯಲ್ಲಿ ನನ್ನನ್ನು ಯಾರೂ ಅಷ್ಟು ಸಲ ಯಾಕೆಂದು ಕೇಳಿರಲಿಲ್ಲ, ಮೇಲಧಿಕಾರಿಗಳಂತೂ ಒಮ್ಮೆಯೂ ಕೇಳಿರಲಿಲ್ಲ. ಸಂಜೆಯಾಗುವ ಹೊತ್ತಿಗೆ, ನಾನು ಏನನ್ನು ಯಾಕೆ ನಂಬಿದ್ದೇನೆಂದು ನನಗೇ ಮೊದಲ ಸಲ ತಿಳಿದ ಹಾಗಾಗಿತ್ತು.

ಅಲ್ಲಿಯೇ ನಾನು ಜಾಲಿಕಾಯಿಯ ವಿಷಯ ಹೇಳಿದ್ದು. ನಮ್ಮ ಸೀಮೆಯಲ್ಲಿ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಬೇಸಿಗೆಯಲ್ಲಿ ಅದರ ಹಳದಿ ಕಾಯಿ ನೆಲತುಂಬ ಬೀಳುತ್ತದೆ, ಸಿಹಿಯಿರುತ್ತದೆ, ದನ ಕುರಿ ಆಸೆಪಟ್ಟು ತಿನ್ನುತ್ತವೆ. ಬೇರೆ ಮೇವಿನ ಜೊತೆ ಸ್ವಲ್ಪ ತಿಂದರೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಅದನ್ನೇ ತಿಂದರೆ ದವಡೆಯ ನರ ಸೋಲುತ್ತದೆ. ಆಗ ಬಾಯಿ ಜೋಲುತ್ತದೆ, ಜೊಲ್ಲು ಸುರಿಯುತ್ತದೆ, ಮೆಲುಕು ಹಾಕಲು ಆಗುವುದಿಲ್ಲ. ದೂರದಿಂದ ನೋಡಿದರೆ ರೇಬೀಸಿನ ಹಾಗೆಯೇ ಕಾಣುತ್ತದೆ. ವ್ಯತ್ಯಾಸವೆಂದರೆ ರೇಬೀಸ್ ಓಡುತ್ತದೆ, ಕೆಲವೇ ದಿನಗಳಲ್ಲಿ ಜೀವ ತೆಗೆಯುತ್ತದೆ, ಇದು ತೆವಳುತ್ತದೆ. ಗಂಗಾಂಬಿಕಾ ಎಲ್ಲವನ್ನೂ ಬರೆದುಕೊಂಡಳು. ಮೇವು ಯಾವುದೆಂದು ಕೇಳುವ ಪ್ರಶ್ನೆಯೊಂದನ್ನು ಸೇರಿಸಬೇಕೆಂದು ನಾವಿಬ್ಬರೂ ಒಪ್ಪಿ ಎದ್ದೆವು.

ತಂತ್ರಾಂಶ ಬಂದಾಗ ಅದರಲ್ಲಿ ಜೋತ ದವಡೆ ಇತ್ತು, ರೇಬೀಸ್ ಇತ್ತು. ಜಾಲಿಕಾಯಿ ಇರಲಿಲ್ಲ. ‘ಯಾಕೆ’ ಎಂಬುದು ಎಲ್ಲಿಯೂ ಇರಲಿಲ್ಲ. ದೊಡ್ಡ ಅಕ್ಷರದಲ್ಲಿ ರೋಗದ ಹೆಸರು, ಅದರ ಕೆಳಗೆ ಒಂದು ಸಂಖ್ಯೆ. ಆ ಸಂಖ್ಯೆ ತೋರಿಸಿದರೆ ಮಾತ್ರ ಉಗ್ರಾಣದಿಂದ ಔಷಧಿ ಸಿಗುತ್ತದೆ.

ಇನ್ನು ಸಂಡೂರಿನ ಹತ್ತಿರದ ವಡ್ಡು ಎಂಬ ಊರಿನ ಕಥೆ. ಅಲ್ಲಿಯ ಉಚ್ಚೆಂಗಮ್ಮ ಒಂದು ಆಕಳು ಸಾಕಿಕೊಂಡು ಕಾರ್ಖಾನೆ ಕೆಲಸಗಾರರ ಮನೆಗಳಿಗೆ ಹಾಲು ಹಾಕುವವಳು. ಅದಿರಿನ ಲಾರಿ ಓಡಾಡುವ ದಾರಿಯ ಪಕ್ಕದಲ್ಲಿ ಹೊಲ ಇದ್ದವರಿಗೆ ಒಂದು ಹೆಚ್ಚಿನ ಕೆಲಸವಿರುತ್ತದೆ, ನೀವು ಕೇಳಿರಲಾರಿರಿ. ಮೇವಿನ ಮೇಲೆ ಕೆಂಪು ಧೂಳು ಕೂತಿರುತ್ತದೆ, ದನ ಮೂಸಿ ಬಿಟ್ಟುಬಿಡುತ್ತದೆ. ಹಾಗಾಗಿ ಮನೆಯ ಹೆಂಗಸರು ಜೋಳದ ಸೊಪ್ಪೆಯನ್ನು ತೊಟ್ಟಿಯಲ್ಲಿ ಅದ್ದಿ, ಜಾಲಾಡಿಸಿ, ಬಂಡೆಯ ಮೇಲೆ ಆರಹಾಕಿ ಆಮೇಲೆ ಹಾಕುತ್ತಾರೆ. ಆ ಬೇಸಿಗೆಯಲ್ಲಿ ನಲ್ಲಿ ನೀರು ಕಡಿಮೆಯಾಯಿತು. ಉಚ್ಚೆಂಗಮ್ಮ ಜಾಲಿಕಾಯಿ ಆರಿಸಿ ಚೀಲ ತುಂಬಿದಳು. ಕಾಯಿಗಾದರೆ ನೀರು ಬೇಡ, ಮೊರದಲ್ಲಿ ಕೇರಿದರೆ ಧೂಳು ಹೋಗುತ್ತದೆ. ಆಕಳೂ ಖುಷಿಯಿಂದ ತಿಂದಿತು. ಬೇಸಿಗೆ ಮುಗಿಯುವ ಹೊತ್ತಿಗೆ ಅದರ ಬಾಯಿ ಜೋತುಬಿತ್ತು.

ಮೌನೇಶ ಹೋಗಿ ನೋಡಿ, ಯಂತ್ರದಲ್ಲಿ ಲಕ್ಷಣಗಳನ್ನು ತುಂಬಿದ. ರೇಬೀಸ್ ಎಂದು ಬಂತು. ಅದರ ಕೆಳಗೆ ಹೀಗಿತ್ತು: ‘ಮರಣ ನಿರೀಕ್ಷಿತ. ಔಷಧಿ ಅನ್ವಯಿಸುವುದಿಲ್ಲ.’ ಅವನು ಯಂತ್ರದ ಮಾತನ್ನು ಗಾಳಿಗೆ ತೂರಿದನೆಂದು ನಿಮ್ಮ ನೋಟೀಸು ಹೇಳುತ್ತದೆ. ಅದು ಶುದ್ಧ ಸುಳ್ಳು. ಯಂತ್ರ ಹೇಳಿದಂತೆಯೇ ಆಕಳನ್ನು ಬೇರೆ ಕಟ್ಟಿಸಿದ, ಕೈಗವಸು ಹಾಕದೆ ಯಾರೂ ಮುಟ್ಟಬಾರದೆಂದ, ಮನೆಯವರನ್ನೆಲ್ಲ ಸೂಜಿಗೆ ಕಳಿಸಿದ. ಕಾಯಿಸಿದ ಹಾಲಿನಿಂದ ಬರುವುದಿಲ್ಲವೆಂದು ಎಷ್ಟು ಹೇಳಿದರೂ ಕೇಳದೆ, ಹಾಲು ಕೊಂಡವರೂ ಸಾಲುಗಟ್ಟಿ ಆಸ್ಪತ್ರೆಗೆ ಹೋದರು. ಹೋಗುತ್ತ ಬರುತ್ತ ಉಚ್ಚೆಂಗಮ್ಮನ ಬಾಗಿಲಲ್ಲಿ ನಿಂತು ಬೈದರು. ಇಷ್ಟೆಲ್ಲ ಆದ ಮೇಲೆ ಮೌನೇಶ ಸುಮ್ಮನೆ ಕೂರಲಿಲ್ಲ. ದಿನಾ ಬಂದು ಆಕಳನ್ನು ನೋಡಿದ. ಸಾಯಬೇಕಾದ ಹೊತ್ತು ದಾಟಿದರೂ ಅದು ಸಾಯಲಿಲ್ಲ. ಧ್ವನಿ ಬದಲಾಗಿರಲಿಲ್ಲ, ಯಾರನ್ನೂ ಹಾಯಲಿಲ್ಲ. ಹಸಿವಿತ್ತು, ಬಾಯಿ ಮಾತ್ರ ಏಳುತ್ತಿರಲಿಲ್ಲ. ಆಗ ಅವನು ಯಂತ್ರ ಕೇಳದ ಪ್ರಶ್ನೆ ಕೇಳಿದ.

“ಏನ್ ಹಾಕ್ತಿದ್ದೆಮ್ಮಾ ಇದಕ್ಕ?”

“ಜಾಲಿಕಾಯಿ ಸಾರ್. ಬಟ್ಟಿ ಒಗದಂಗ ಮೇವು ಒಗಿಯಾಕ ನೀರು ಎಲ್ಲಿಂದ ತರ್ಲಿ ನಾನು? ಸೀ ಇರ್ತಾವಲ್ಲ, ಚೆಂದ ತಿಂತಿತ್ತು.”

“ಎಷ್ಟು ದಿನದಿಂದ ಬಾಯಿ ಹಿಂಗೈತಿ?”

“ಭಾಳ ದಿನ ಆತು. ಮೊದಲು ಸ್ವಲ್ಪ ಜೊಲ್ಲು, ಆಮ್ಯಾಲ ಹಿಂಗ ಆತು. ನೀವು ಹುಚ್ಚು ಅಂದ್ರಿ, ನಾನು ಬಾಯಿ ಮುಚ್ಚಿಕೊಂಡೆ.”

ಅವನು ಕಾಯಿ ನಿಲ್ಲಿಸಿದ, ಗಂಜಿ ಹಾಕಲು ಹೇಳಿಕೊಟ್ಟ, ಉಗ್ರಾಣದಿಂದ ಏನೂ ಸಿಗದ ಕಾರಣ ಹೊರಗಿನಿಂದ ಔಷಧಿ ತಂದ. ಆಕಳು ನಿಧಾನವಾಗಿ ಚೇತರಿಸಿಕೊಂಡಿತು. ಎಲ್ಲ ಆಕಳೂ ಹಾಗೆ ಚೇತರಿಸುವುದಿಲ್ಲ, ಇದರ ಹಣೆಬರಹ ಚೆನ್ನಾಗಿತ್ತು. ಇನ್ನೂ ದವಡೆ ಒಂದು ಕಡೆ ಸ್ವಲ್ಪ ವಾಲಿದೆ, ಹಾಲು ಕೊಡುತ್ತದೆ. ಮೌನೇಶ ಇದೆಲ್ಲವನ್ನೂ ಯಂತ್ರಕ್ಕೂ ಹೇಳಲು ಹೋದ. ಅದರಲ್ಲಿ ‘ವೈದ್ಯರ ಭಿನ್ನಾಭಿಪ್ರಾಯ’ ಎಂಬ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಮಾತು ಯಂತ್ರದೊಳಕ್ಕೆ ಹೋಗಿ ಅದು ಮುಂದಿನ ಸಲ ಬುದ್ಧಿ ಕಲಿಯುತ್ತದೆ ಎಂದು ಆ ಹುಡುಗ ನಂಬಿದ್ದ. ಅದು ಹೋದದ್ದು ನಿಮ್ಮ ಕಚೇರಿಯ ಶಿಸ್ತು ವಿಭಾಗಕ್ಕೆ. ‘ತಂತ್ರಾಂಶದ ನಿರ್ಣಯಕ್ಕೆ ವ್ಯತಿರಿಕ್ತವಾಗಿ ಚಿಕಿತ್ಸೆ ನೀಡಿ, ಸಾರ್ವಜನಿಕರಲ್ಲಿ ತಂತ್ರಾಂಶದ ಬಗ್ಗೆ ಅಪನಂಬಿಕೆ ಮೂಡಿಸಿದ ಬಗ್ಗೆ’ ಅವನಿಂದ ವಿವರಣೆ ಕೇಳಲಾಯಿತು. ಯಂತ್ರದ ಕಡೆಯಿಂದ ವಿವರಣೆ ಕೇಳುವ ಹಕ್ಕು ವೈದ್ಯನಿಗಿಲ್ಲ. ಯಂತ್ರದ ಪರವಾಗಿ ವೈದ್ಯನಿಂದ ವಿವರಣೆ ಕೇಳಬಹುದು. ಎಂಥಾ ಸೊಗಸಾದ ಏರ್ಪಾಡು ಮಾನ್ಯರೇ!

ಆಮೇಲೆ ಒಂದು ಸುತ್ತೋಲೆಯೂ ಹೊರಟಿತು. ಪರದೆಯ ಮೇಲೆ ಕಂಡದ್ದನ್ನಷ್ಟೇ ರೈತರಿಗೆ ತಿಳಿಸಬೇಕು, ವೈಯಕ್ತಿಕ ಅಭಿಪ್ರಾಯ ಸೇರಿಸಬಾರದು. ಐದು ವರ್ಷ ಓದಿಸಿ, ದನದ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಲು ಕಲಿಸಿ, ಪರೀಕ್ಷೆ ಮಾಡಿ ನೇಮಿಸಿಕೊಂಡ ವೈದ್ಯರು ಇನ್ನು ಮೇಲೆ ಗಟ್ಟಿಯಾಗಿ ಓದಿ ಹೇಳಿದರೆ ಸಾಕು! ಇಷ್ಟಕ್ಕೆ ವೈದ್ಯರೇ ಯಾಕೆ ಬೇಕು? ಬಸ್ ನಿಲ್ದಾಣದಲ್ಲಿ ಬಸ್ ಬಂತೆಂದು ಹೇಳುವ ಧ್ವನಿವರ್ಧಕವನ್ನೇ ಆಸ್ಪತ್ರೆಗೂ ಹಾಕಿಸಬಹುದಿತ್ತಲ್ಲ?

ನಾನು ಗಂಗಾಂಬಿಕಾಗೆ ಫೋನ್ ಮಾಡಿ, ಜಾಲಿಕಾಯಿ ಎಲ್ಲಿ ಹೋಯಿತಮ್ಮ ಎಂದು ಕೇಳಿದೆ. ಆಕೆ ಈಗ ಬೇರೆ ಕೆಲಸದಲ್ಲಿದ್ದಾಳೆ. ಪಾಪ, ನಾಚಿಕೊಂಡೇ ಮಾತಾಡಿದಳು.

“ಅದೆಲ್ಲಾ ಒಳಗ ಐತ್ರಿ ಸರ್. ಜಾಲಿಕಾಯಿ ‘ಪ್ರಾದೇಶಿಕ’ ಅಂತ ಪಕ್ಕಕ್ಕ ಇಡಿಸಿದ್ರು. ಇಡೀ ರಾಜ್ಯಕ್ಕ ಒಂದಾ ಇರ್ಬೇಕು, ಊರಿಗೊಂದು ನಿಯಮ ಬ್ಯಾಡ ಅಂದ್ರು.”

“ಮತ್ತೆ ನೀನು ಬರ್ಕೊಂಡ ಕಾರಣಗಳು?”

“ಅವೂ ಅದಾವ್ರಿ. ಪ್ರತಿಯೊಂದು ನಿರ್ಣಯಕ್ಕೂ ಯಾಕಂತ ಅದು ಹೇಳಬಲ್ಲದು. ನಾನಾ ಮಾಡಿದ್ದು. ತೋರಿಸೋದನ್ನಷ್ಟಾ ಬಂದ್ ಮಾಡ್ಸ್ಯಾರ. ಕಾರಣ ಕಂಡ್ರ ರೈತರು ವಾದ ಮಾಡ್ತಾರ, ಸಾಲು ಉದ್ದ ಆಗ್ತೈತಿ ಅಂತ ಮೀಟಿಂಗಿನ್ಯಾಗ ಅಂದ್ರು.”

ಆ ಮೀಟಿಂಗಿನ ಅಧ್ಯಕ್ಷತೆ ಯಾರು ವಹಿಸಿದ್ದರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಯಂತ್ರ ದಡ್ಡ ಎಂದು ತಿಳಿದಿದ್ದಾಗ ಬರೀ ಸಿಟ್ಟಿತ್ತು. ಅದಕ್ಕೆ ಎಲ್ಲ ಗೊತ್ತಿದ್ದೂ ಬಾಯಿ ಕಟ್ಟಿಹಾಕಿದ್ದಾರೆಂದು ತಿಳಿದಾಗ ಸುಸ್ತಾಯಿತು. ಆ ಸುಸ್ತು ಇನ್ನೂ ಇಳಿದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ, ಒಂದು ಆಕಳು ಉಳಿಯಿತಲ್ಲ ಎಂದು ನಾನು ತೆಪ್ಪಗಿರುತ್ತಿದ್ದೆ. ಉಚ್ಚೆಂಗಮ್ಮನ ತಂಗಿ ನಿಂಗಕ್ಕನನ್ನು ಕಂಪ್ಲಿ ಕಡೆಗೆ ಕೊಟ್ಟಿದೆ. ಆಕೆಯ ಗಂಡನೇ ಎರ್ರಿಯಪ್ಪ, ಆರಂಭದಲ್ಲಿ ಹೇಳಿದೆನಲ್ಲ, ಅವನು. ನಮ್ಮಕ್ಕನ ಆಕಳಿಗೆ ಬಾಯಿ ಜೋತಿತ್ತಂತೆ, ಮಷಿನ್ ಹುಚ್ಚು ಅಂದಿತ್ತಂತೆ, ಅದು ಸುಳ್ಳಾಯಿತಂತೆ, ಜಾಲಿಕಾಯಿ ರೋಗವಂತೆ ಎಂಬ ಸುದ್ದಿ ಅವರ ಮನೆಗೆ ಚೆನ್ನಾಗಿಯೇ ತಲುಪಿತ್ತು. ತಲುಪಿದ್ದು ಅರ್ಧ. ಜಾಲಿಕಾಯಿ ತಿಂದರೆ ಮಾತ್ರ ಜಾಲಿಕಾಯಿ ರೋಗ ಬರುತ್ತದೆ, ಇಲ್ಲದಿದ್ದರೆ ಜೋತ ದವಡೆ ಸಾವಿನ ಗುರುತು ಎಂಬ ಉಳಿದರ್ಧವನ್ನು ಹೇಳಬೇಕಾದ ವೈದ್ಯರಿಗೆ ನೀವು ಸುತ್ತೋಲೆ ಕಳಿಸಿದ್ದಿರಿ.

ಕೆಲ ತಿಂಗಳ ಮೇಲೆ ಎರ್ರಿಯಪ್ಪನ ಎಮ್ಮೆಯ ಬಾಯಿ ಜೋತಿತು. ಅವನು ಒಂದಿಷ್ಟೂ ಅಂಜಲಿಲ್ಲ. ಗಂಟಲಿನಲ್ಲಿ ಏನೋ ಸಿಕ್ಕಿರಬೇಕೆಂದು ಬಾಯಿ ಅಗಲಿಸಿ ಕೈ ಹಾಕಿ ತಡಕಾಡಿದ. ಹಲ್ಲು ತಾಗಿ ಮುಂಗೈ ತರಚಿತು. ಆಮೇಲೆ ಕಂಪ್ಲಿಯ ಆಸ್ಪತ್ರೆಗೆ ಹೋಗಿ ವೈದ್ಯೆಯನ್ನು ಕರೆತಂದ. ಆಕೆ ನೋಡಿದಳು, ಯಂತ್ರ ಒತ್ತಿದಳು, ರೇಬೀಸ್ ಎಂದು ಬಂತು. ಈ ಸಲ ಯಂತ್ರ ನೂರಕ್ಕೆ ನೂರು ಸರಿ. ಎರ್ರಿಯಪ್ಪ, ಯಾಕ್ರಿ ಎಂದು ಕೇಳಿದ. ಆಕೆ ಪರದೆಯನ್ನು ಅವನ ಕಡೆ ತಿರುಗಿಸಿ ತೋರಿಸಿದಳು. ಅವನು ನಕ್ಕ. ಸೂಜಿ ಹಾಕಿಸಿಕೊಳ್ಳಲೇಬೇಕೆಂದು ಆಕೆ ಒತ್ತಾಯ ಮಾಡಿದಳು, ಕಾರಣ ಹೇಳಲಿಲ್ಲ. ಆಮೇಲೆ ನನ್ನೆದುರು ಆ ಹೆಣ್ಣುಮಗಳು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು: “ನನಗೆಲ್ಲಾ ಗೊತ್ತಿತ್ರಿ ಸರ್. ಮೌನೇಶ್ ಸರ್‌ಗೆ ಆದದ್ದು ನೆನಪಾಗಿ ಬಾಯಿ ಬರ್ಲಿಲ್ಲ.” ಅವಳನ್ನು ನಾನು ಬೈಯಲಾರೆ. ಮನೆಯಲ್ಲಿ ಸಣ್ಣ ಮಕ್ಕಳಿರುವವಳಿಗೆ ನೋಟೀಸಿನ ಭಯ ಸಣ್ಣದಲ್ಲ.

ನಿಂಗಕ್ಕ ಮನಸ್ಸು ತಡೆಯದೆ ಅಕ್ಕನಿಗೆ ಫೋನ್ ಮಾಡಿದಳು, ಅಕ್ಕ ಮೌನೇಶನಿಗೆ ಮಾಡಿದಳು, ಮೌನೇಶ ನನಗೆ ಮಾಡಿದ. “ಸರ್, ನಾನು ಹೋದ್ರ ಇನ್ನೊಂದು ನೋಟೀಸು ಬರ್ತೈತ್ರಿ. ನಿಮಗ್ಯಾರು ಏನ್ ಮಾಡ್ಯಾರು? ಜಲ್ದಿ ಹೋಗ್ರಿ.” ನಾನು ಬಸ್ಸು ಹತ್ತಿ ಹೋಗುವಷ್ಟರಲ್ಲಿ ಎಮ್ಮೆ ಸತ್ತು, ಹೂತೂ ಆಗಿತ್ತು. ಎರ್ರಿಯಪ್ಪ ಕಟ್ಟೆಯ ಮೇಲೆ ಕೂತಿದ್ದ. ಕೈಗೆ ಅರಿಶಿಣ ಮೆತ್ತಿಕೊಂಡಿದ್ದ.

“ಬರ್ರಿ ಡಾಕ್ಟ್ರೇ, ಕುಂದ್ರಿ. ನೀವ್ಯಾಕ ಇಷ್ಟು ದೂರ ಬರಾಕ ಹೋದ್ರಿ? ಜಾಲಿಕಾಯಿ ಬ್ಯಾನಿ ಅದು. ಇಕಿ ಅಕ್ಕನ ಆಕಳಿಗೂ ಹಿಂಗಾ ಆಗಿತ್ತು. ಆ ಮಷಿನ್ನು ಬಾಯಿ ಜೋತಿದ್ದಕ್ಕೆಲ್ಲಾ ಹುಚ್ಚು ಅಂತೈತ್ರಿ.”

“ಆತಪ್ಪ. ನಿನ್ನ ಎಮ್ಮಿ ಏನು ತಿಂತಿತ್ತು?”

“ಭತ್ತದ ಹುಲ್ಲು. ಕಬ್ಬಿನ ಸೋಗಿ. ಗದ್ದಿ ಬದುವಿನ ಹಸಿ ಮೇವು.”

“ಜಾಲಿಕಾಯಿ?”

“ನಮ್ಮ ಕಡಿ ಜಾಲಿ ಎಲ್ಲೈತ್ರಿ, ಎಲ್ಲಾ ನೀರಾವರಿ,” ಎಂದ ಸಣ್ಣ ಧ್ವನಿಯಲ್ಲಿ.

“ಹಂಗಾದ್ರ ತಿನ್ನದ ಕಾಯಿಯ ಬ್ಯಾನಿ ಹೆಂಗ ಬಂತು? ಉಚ್ಚೆಂಗಮ್ಮನ ಆಕಳ ಬಾಯಿ ಜೋಲಾಕ ತಿಂಗಳುಗಟ್ಟಲೆ ಹಿಡೀತು. ನಿಂದು?”

“ಸೋಮವಾರ ಸಂತಿ ದಿನ ಮಸ್ತ್ ಇತ್ರಿ.” ನಾವು ಮಾತಾಡುತ್ತಿದ್ದದ್ದು ಶನಿವಾರ.

ಬಾಗಿಲಲ್ಲಿ ನಿಂತಿದ್ದ ನಿಂಗಕ್ಕನನ್ನು ಕೇಳಿದೆ, “ಎಮ್ಮಿ ಒದರೋದು ಹೆಂಗಿತ್ತಮ್ಮಾ?”

“ಗಂಟಲ ಒಡದಂಗ ಆಗಿತ್ರಿ. ಸುಮ್ಮಸುಮ್ಮನಾ ಒದರ್ತಿತ್ತು. ಹಿಂದಿನ ಕಾಲು ಎಳೀತಿತ್ತು.”

“ಯಾವಾಗಾದ್ರೂ ನಾಯಿ ಕಚ್ಚಿತ್ತೇನು?”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಕಬ್ಬು ಕಡಿಯೋ ಹೊತ್ತಿನ್ಯಾಗ ಕಾಲುವಿ ಕಡಿಂದ ಒಂದು ನಾಯಿ ಬಂದು ಮೂತಿಗೆ ಬಾಯಿ ಹಾಕಿತ್ರಿ,” ಎಂದಳು ನಿಂಗಕ್ಕ. “ಸುಣ್ಣ ಹಚ್ಚಿ ಬಿಟ್ಟಿದ್ವಿ.”

ಎರ್ರಿಯಪ್ಪ ತನ್ನ ಮುಂಗೈ ನೋಡಿಕೊಂಡ. ನಾನು ರೇಬೀಸ್ ಎಂಬ ಶಬ್ದವನ್ನೇ ಎತ್ತಿರಲಿಲ್ಲ. ಯಂತ್ರದೊಳಗೆ ಗಂಗಾಂಬಿಕಾ ಬರೆದಿಟ್ಟ ಕಾರಣಗಳನ್ನೇ, ಅದೇ ಸಾಲಿನಲ್ಲಿ, ಪ್ರಶ್ನೆಯಾಗಿ ಕೇಳಿದ್ದೆ ಅಷ್ಟೆ. ಮೇಲೆದ್ದು ಅಂಗಿ ಹಾಕಿಕೊಳ್ಳುತ್ತ ಅವನು ನನ್ನ ಮೇಲೆಯೇ ಸಿಟ್ಟಾದ.

“ಇಷ್ಟು ಮಾತು ಅವತ್ತಾ ಯಾರರ ಹೇಳಿದ್ರ ಅವತ್ತಾ ಚುಚ್ಚಿಸ್ಕೊಂತಿದ್ದೆ ನಾನು. ನಾನೇನು ಸಾಯಾಕ ನಿಂತೀನೇನ್ರಿ? ಯಾಕ ಅಂತ ಕೇಳಿದ್ನಲ್ಲಾ! ಕೇಳಿದ್ರ ಪಾಟಿ ತಿರುವಿ ತೋರಿಸ್ತಾರ. ನನಗೇನು ಓದಾಕ ಬರಲ್ಲಂತ ಕೇಳಿದ್ನಾ?”

ಮಾನ್ಯರೇ, ರೈತರು ವಾದ ಮಾಡುತ್ತಾರೆಂದು ನೀವು ಕಾರಣಗಳನ್ನು ಮುಚ್ಚಿಸಿದಿರಿ. ಹೌದು, ಮಾಡುತ್ತಾರೆ. ವಾದ ಮಾಡಿದ್ದಕ್ಕೇ ಎರ್ರಿಯಪ್ಪ ಅವತ್ತು ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಂಡ. ಯಂತ್ರ ತಪ್ಪು ಹೇಳಿದಾಗ ಅದನ್ನು ಹಿಡಿಯಲು ಕಾರಣ ಬೇಕು, ಸರಿ ಹೇಳಿದಾಗ ಅದನ್ನು ನಂಬಲೂ ಕಾರಣವೇ ಬೇಕು. ವಡ್ಡಿನಲ್ಲಿ ‘ಮೇವು ಏನೆಂದು ಗೊತ್ತಿಲ್ಲ, ಆದ್ದರಿಂದ ರೇಬೀಸ್ ಎಂದು ಭಾವಿಸಿದ್ದೇನೆ’ ಎಂದು ಅದು ಒಂದು ಸಾಲು ಹೇಳಿದ್ದರೆ, ಮೌನೇಶ ಮೊದಲ ದಿನವೇ ಕೇಳುತ್ತಿದ್ದ, ಊರೆಲ್ಲ ಸೇರಿ ಒಬ್ಬ ಹೆಂಗಸನ್ನು ಬೈಯುತ್ತಿರಲಿಲ್ಲ. ಕಂಪ್ಲಿಯಲ್ಲಿ ‘ರೋಗ ಬೇಗ ಏರಿದೆ, ಧ್ವನಿ ಒಡೆದಿದೆ, ನಾಯಿ ಕಚ್ಚಿದೆಯೇ ಕೇಳಿ’ ಎಂದು ಮತ್ತೊಂದು ಸಾಲು ಹೇಳಿದ್ದರೆ, ಆ ವೈದ್ಯೆ ಅದನ್ನೇ ಓದಿ ಹೇಳಬಹುದಿತ್ತು, ನಿಮ್ಮ ಸುತ್ತೋಲೆಗೂ ಭಂಗ ಬರುತ್ತಿರಲಿಲ್ಲ. ಹಾಗೆ ಹೇಳುವ ಶಕ್ತಿ ಅದರೊಳಗೆ ಈಗಲೂ ಇದೆ. ಅದನ್ನು ಕೊಂಡದ್ದು ನೀವೇ. ಕೊಂಡು ಬಂದು ಯಾಕೆ ಮುಚ್ಚಿಟ್ಟಿರಿ?

ನಾನು ಹೊಸ ಯಂತ್ರ ಕೇಳುತ್ತಿಲ್ಲ, ಹೊಸ ಸಮಿತಿಯನ್ನಂತೂ ದೇವರಾಣೆಗೂ ಕೇಳುತ್ತಿಲ್ಲ. ಮುಚ್ಚಿಟ್ಟ ಕಾರಣಗಳನ್ನು ಪರದೆಯ ಮೇಲೆ ತೋರಿಸಿ, ನಮ್ಮ ಮಾತಿನಲ್ಲಿ ತೋರಿಸಿ. ಪಕ್ಕಕ್ಕಿಟ್ಟ ಜಾಲಿಕಾಯಿಯನ್ನು ಒಳಗೆ ತನ್ನಿ. ಇಡೀ ರಾಜ್ಯಕ್ಕೆ ಒಂದೇ ನಿಯಮ ಬೇಕೆನ್ನುವ ಮೊದಲು ಇಡೀ ರಾಜ್ಯದ ದನ ಒಂದೇ ಮೇವು ತಿನ್ನುತ್ತದೆಯೇ ಎಂದು ನೋಡಿ. ವೈದ್ಯ ಒತ್ತುವ ಭಿನ್ನಾಭಿಪ್ರಾಯದ ಗುಂಡಿಯ ತಂತಿಯನ್ನು ಶಿಸ್ತು ವಿಭಾಗದಿಂದ ಕಿತ್ತು, ರೋಗ ಬಲ್ಲವರು ಕೂತು ಓದುವ ಕಡೆಗೆ ಜೋಡಿಸಿ. ಅವರು ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲವೆಂದು ವೈದ್ಯನಿಗೆ ಬರೆದು ತಿಳಿಸಲಿ. ಮೌನೇಶನ ನೋಟೀಸನ್ನು ವಾಪಸು ಪಡೆಯಿರಿ. ಅವನು ಈಗ ಪರದೆ ಓದುವ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಾನೆ, ಏನೂ ಕೇಳುವುದಿಲ್ಲ. ಮೊನ್ನೆ ಸಂಡೂರಿಗೆ ಹೋದಾಗ ನೋಡಿ ನನಗೆ ತುಂಬಾ ಸಂಕಟವಾಯಿತು. ಮುಂದಿನ ಬೇಸಿಗೆಗೆ ಜಾಲಿಕಾಯಿ ಮತ್ತೆ ಬೀಳುತ್ತದೆ, ಅಷ್ಟರೊಳಗೆ ಇದಾಗಬೇಕು.

ಎರ್ರಿಯಪ್ಪನ ಇಂಜೆಕ್ಷನ್ ಎಲ್ಲ ಮುಗಿದಿವೆ. ಇನ್ನು ಹೆದರಬೇಡ ಎಂದು ಅಲ್ಲಿಯ ಡಾಕ್ಟರು ಹೇಳಿದ್ದಾರೆ, ನಾನೂ ಹೇಳಿದ್ದೇನೆ. ಆದರೆ ತಡವಾಗಿ ಶುರು ಮಾಡಿದೆನೆಂಬುದು ಅವನಿಗೆ ಗೊತ್ತು, ಈ ರೋಗ ತಿಂಗಳುಗಟ್ಟಲೆ ಒಳಗೇ ಇದ್ದು ಏಳಬಹುದೆಂದೂ ಯಾರೋ ಹೇಳಿದ್ದಾರೆ. ರೇಬೀಸ್ ಬಂದವರಿಗೆ ನೀರು ನುಂಗಲು ಆಗುವುದಿಲ್ಲವೆಂದು ಅವನು ಕೇಳಿದ್ದಾನೆ. ಅದಕ್ಕೆ ದಿನಾ ಬೆಳಿಗ್ಗೆ ಎದ್ದ ಕೂಡಲೇ, ಮುಖವನ್ನೂ ತೊಳೆಯದೆ, ಒಂದು ಚೊಂಬು ನೀರನ್ನು ಕೈಯಲ್ಲಿ ಹಿಡಿದು ಕೂರುತ್ತಾನೆ. ಕುಡಿಯಲು ಹೆದರಿಕೆ, ಕುಡಿಯದಿರಲೂ ಹೆದರಿಕೆ. ಪಕ್ಕದಲ್ಲಿ ನಿಂತ ನಿಂಗಕ್ಕ ಅವನ ಗಂಟಲನ್ನೇ ನೋಡುತ್ತಿರುತ್ತಾಳೆ. ಕೊನೆಯ ಗುಟುಕು ಇಳಿದ ಮೇಲೆ ನನಗೆ ಫೋನ್ ಮಾಡಿ, “ಇಳೀತ್ರಿ ಡಾಕ್ಟ್ರೇ” ಎಂದಿಷ್ಟೇ ಹೇಳಿ ಇಟ್ಟುಬಿಡುತ್ತಾಳೆ.

ಆ ಕರೆ ಬರಬೇಕಾದದ್ದು ನನಗಲ್ಲ. ಈ ಪತ್ರ ಅಚ್ಚಾದ ದಿನದಿಂದ ನಿಂಗಕ್ಕನಿಗೆ ನಿಮ್ಮ ಕಚೇರಿಯ ಸಂಖ್ಯೆ ಕೊಡುತ್ತೇನೆ. ಬೆಳಿಗ್ಗೆ ಬೇಗ ಮಾಡುತ್ತಾಳೆ, ದಯವಿಟ್ಟು ನೀವೇ ಎತ್ತಿಕೊಳ್ಳಿ. ನೀರು ಇಳಿಯಿತು ಎಂದಾಗ, ಇದನ್ನು ನನಗೆ ಯಾಕಮ್ಮಾ ಹೇಳುತ್ತೀ ಎಂದು ಕೇಳಿ. ಅವಳು ಕಾರಣ ಹೇಳುತ್ತಾಳೆ.

ಇಂತಿ,
ಆ ಫೋನು ಬರುವವರೆಗೆ ಬೆಳಗಿನ ಕಾಫಿ ಮುಟ್ಟದ,
ನಾಗೇಂದ್ರಪ್ಪ
ನಿವೃತ್ತ ಪಶುವೈದ್ಯ, ಹೊಸಪೇಟೆ